ಹೊಳಿಹೊಲದ ಆರು ವರ್ಷ: ಸ್ಟಾರ್‌ಡ್ಯೂ ವ್ಯಾಲಿ ಆಡಿದವನ ವಿಮರ್ಶೆ

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಮುಂಗಾರಿ ಹತ್ತಿರ ಬಂದರೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ನೊಣ ಹೊಡೆಯುವ ಕೆಲಸ. 2019ರ ಅಂಥದೊಂದು ಬೇಸಿಗೆಯಲ್ಲಿ, ಫ್ಯಾನಿನ ಕೆಳಗೆ ಕೂತು ಮೊಬೈಲ್ ತಿಕ್ಕುತ್ತಿದ್ದಾಗ ಸ್ಟಾರ್‌ಡ್ಯೂ ವ್ಯಾಲಿ ಎಂಬ ವಿಡಿಯೊ ಗೇಮ್ ಕಣ್ಣಿಗೆ ಬಿತ್ತು. ಆಂಡ್ರಾಯ್ಡ್‌ಗೆ ಬಂದು ಒಂದೆರಡು ತಿಂಗಳಾಗಿತ್ತಷ್ಟೆ. ದುಡ್ಡು ಕೊಟ್ಟು ಆಟ ಕೊಳ್ಳುವುದು ಅಂದರೆ ನಮ್ಮ ಕಡೆ ಹುಚ್ಚು ಅಂತಾರೆ. ಕೊಂಡೆ. ಮೊಬೈಲು, ಆಮೇಲೆ ಲ್ಯಾಪ್‌ಟಾಪು ಎರಡೂ ಸೇರಿ ಈವರೆಗೆ ಆರುನೂರು ತಾಸು ದಾಟಿದೆ. ಹೆಂಡತಿಗೆ ಈ ಲೆಕ್ಕ ಇನ್ನೂ ಹೇಳಿಲ್ಲ.

ಗೊತ್ತಿಲ್ಲದವರಿಗೆ: ಪಟ್ಟಣದ ಕಂಪನಿಯೊಂದರಲ್ಲಿ ಕುರ್ಚಿಗೆ ಅಂಟಿಕೊಂಡು ಬೇಸತ್ತ ಒಬ್ಬ ಮನುಷ್ಯ, ತೀರಿಹೋದ ಅಜ್ಜ ಕೊಟ್ಟಿದ್ದ ಕಾಗದ ಒಡೆದು ಓದುತ್ತಾನೆ. ಒಳಗೆ ಹೊಲದ ಪತ್ರ. ಕಲ್ಲು, ಕಸ, ಕಂಟಿ ತುಂಬಿದ ಆ ಹೊಲಕ್ಕೆ ಬಂದು, ಹದಿನೈದು ಬೀಜ ಮತ್ತು 500 ನಾಣ್ಯ ಹಿಡಿದು ಬೇಸಾಯ ಶುರುಮಾಡುತ್ತಾನೆ. ಆ ಮನುಷ್ಯ ನೀವೇ. ಬಿತ್ತಬಹುದು, ದನ-ಕೋಳಿ ಸಾಕಬಹುದು, 120 ಅಂತಸ್ತಿನ ಗಣಿಗೆ ಇಳಿದು ಭೂತಗಳ ಜೊತೆ ಬಡಿದಾಡಬಹುದು, ಮೀನು ಹಿಡಿಯಬಹುದು, ಊರಲ್ಲಿ ಯಾರನ್ನಾದರೂ ಮದುವೆಯಾಗಬಹುದು. ಏನೂ ಮಾಡದೆ ಮರದ ಕೆಳಗೆ ನಿಂತರೂ ಕೇಳುವವರಿಲ್ಲ. ಇಷ್ಟನ್ನೂ ಎರಿಕ್ ಬರೋನ್ ಎಂಬ ಒಬ್ಬನೇ ಒಬ್ಬ ನಾಲ್ಕೂವರೆ ವರ್ಷ ಕೂತು ಮಾಡಿದ್ದು. ಚಿತ್ರ, ಸಂಗೀತ, ಮಾತು, ಪ್ರೋಗ್ರಾಮು ಎಲ್ಲ ಅವನದೇ. 2016ರ ಫೆಬ್ರವರಿಯಲ್ಲಿ ಮೊದಲು ಕಂಪ್ಯೂಟರಿಗೆ ಬಂತು, ಈಗ 4 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿವೆ.

ಇಂಥವಕ್ಕೆ ರೋಲ್-ಪ್ಲೇಯಿಂಗ್ ಗೇಮ್ ಅಂತಾರೆ. ನಮ್ಮ ಮಾತಿನಲ್ಲಿ ಹೇಳಿದರೆ ಪಾತ್ರ ಹಾಕುವ ಆಟ. ಸಣ್ಣಾಟ, ದೊಡ್ಡಾಟ ಆಡುವ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲಿಡೀ ಗಳೆ ಹೊಡೆದವನು ರಾತ್ರಿ ಕಿರೀಟ ಇಟ್ಟರೆ ರಾಜನೇ, ಅವನ ನಡಿಗೆಯೇ ಬೇರೆ. ಈ ಜಾತಿಯ ಆಟಗಳ ಬೇರು 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿದೆ. ಅದನ್ನು ಆಡಲು ಕಂಪ್ಯೂಟರ್ ಬೇಡ. ಮೇಜಿನ ಸುತ್ತ ಕೂತು, ನಾನು ಇಂಥವನು ಅಂತ ಹೇಳಿಕೊಂಡು, ದಾಳ ಉರುಳಿಸಿ ಆಡುವುದು. ನಿಮ್ಮ ಪಾತ್ರಕ್ಕೆ ಎಷ್ಟು ಬಲ, ಎಷ್ಟು ಜಾಣತನ ಅನ್ನುವುದು ಕಾಗದದ ಮೇಲೆ ಅಂಕಿಯಾಗಿ ಇರುತ್ತದೆ, ಆಡಿದಂತೆ ಏರುತ್ತದೆ. ಕತ್ತಿಯ ಜಾಗದಲ್ಲಿ ಸಲಿಕೆ ಬಂದಿದೆ ಅನ್ನುವುದು ಬಿಟ್ಟರೆ ಸ್ಟಾರ್‌ಡ್ಯೂದಲ್ಲೂ ಅದೇ ಲೆಕ್ಕ. ಬೇಸಾಯ, ಮೀನುಗಾರಿಕೆ, ಗಣಿ, ಕಾಡು, ಕಾದಾಟ, ಐದರಲ್ಲೂ ಹತ್ತು ಮೆಟ್ಟಿಲು. ಬೇಸಾಯದ ಆರನೇ ಮೆಟ್ಟಿಲು ಹತ್ತಿದರೆ ಸುತ್ತಲಿನ ಎಂಟು ಚೌಕಕ್ಕೆ ತಾನೇ ನೀರು ಬಿಡುವ ಸ್ಪ್ರಿಂಕ್ಲರ್ ಮಾಡುವುದು ಗೊತ್ತಾಗುತ್ತದೆ. ಅಲ್ಲಿಯವರೆಗೆ ನಾನು ದಿನಾ ಬೆಳಗ್ಗೆ ತಂಬಿಗೆ ಹಿಡಿದು ಒಂದೊಂದೇ ಗಿಡಕ್ಕೆ ನೀರು ಹಾಕುತ್ತಿದ್ದೆ. ಮೊದಲ ಸ್ಪ್ರಿಂಕ್ಲರ್ ಇಟ್ಟ ಮರುದಿನ ಬಾಗಿಲು ತೆರೆದರೆ ಮಣ್ಣು ಒದ್ದೆಯಾಗಿತ್ತು. ಅಂಗಡಿಯಲ್ಲಿ ಡ್ರಿಪ್ ಪೈಪು ಮಾರುತ್ತಾ ಇಷ್ಟು ವರ್ಷ ಕಳೆದಿದ್ದೇನೆ, ಆವತ್ತು ಆದ ಖುಷಿ ಯಾವ ಗಿರಾಕಿಯ ಮುಖದಲ್ಲೂ ಕಂಡಿರಲಿಲ್ಲ. ಅವರಿಗೆ ಸಬ್ಸಿಡಿಯ ಚಿಂತೆ ಇರುತ್ತದೆ, ಪಾಪ.

ಆದರೆ ಶುರುವಿನಲ್ಲೇ ನನ್ನ ಮಾನ ಹೋಯಿತು. ಆಟದಲ್ಲಿ ಒಂದು ಋತುವಿಗೆ ಬರೋಬ್ಬರಿ 28 ದಿನ. ವಸಂತದ 18ನೇ ದಿನ ಕೈಯಲ್ಲಿ ರೊಕ್ಕ ಆಡುತ್ತಿತ್ತು. ಒಂದಕ್ಕೆ 80ರಂತೆ ಇಪ್ಪತ್ತು ಹೂಕೋಸಿನ ಬೀಜ ತಂದು ಊರಿದೆ. ಹೂಕೋಸಿಗೆ 12 ದಿನ ಬೇಕು. ಋತು ಬದಲಾದ ಮುಂಜಾನೆ ಎದ್ದು ನೋಡಿದರೆ ಇಪ್ಪತ್ತೂ ಒಣಗಿ ನಿಂತಿವೆ. 1600 ನಾಣ್ಯ ಮಣ್ಣುಪಾಲು. ದಿನಾ ರೈತರಿಗೆ “ಪಾಕೀಟಿನ ಹಿಂದ ಎಷ್ಟು ದಿನದ ಬೆಳಿ ಅಂತ ಬರದಾರ, ಓದ್ಕೋರಿ” ಅಂತ ಉಪದೇಶ ಮಾಡುವವನು ನಾನು. ಅಂಗಡಿಯ ಹುಡುಗ ಹೆಗಲ ಮೇಲಿಂದ ಇಣುಕಿ ನೋಡಿ, “ಸಾವ್ಕಾರ್ರ, ಲೇಟ್ ಬಿತ್ತನಿ ಆತು” ಅಂದ. ಸಿಟ್ಟು ಬಂತು, ಆದರೆ ಅವನು ಅಂದದ್ದು ಖರೆ.

ಜನ ಇಂಥ ಆಟ ಯಾಕೆ ಆಡುತ್ತಾರೆ ಅನ್ನುವುದು ನನಗೆ ತಿಳಿದದ್ದು ಒಬ್ಬ ಗಿರಾಕಿಯಿಂದ. ಉಳ್ಳಾಗಡ್ಡಿ ಬೆಳೆಯುವ ಹಿರಿಯರು, ನಮ್ಮ ಅಪ್ಪನ ವಾರಿಗೆಯವರು, ಅಂಗಡಿಗೆ ಬಂದಾಗಲೆಲ್ಲ ಕಾಕಾ ಅನ್ನುತ್ತೇನೆ. ಆವತ್ತು ಮೊಬೈಲ್ ನೋಡಿ ಸ್ಟೂಲ್ ಎಳೆದುಕೊಂಡು ಕೂತರು.

“ಏನ್ ಹಾಕೀದಿ?”

“ಬ್ಲೂಬೆರಿ ಅಂತ ಹಣ್ಣು ಕಾಕಾ. ಒಮ್ಮೆ ಹಚ್ಚಿದ್ರ ಹದಿಮೂರು ದಿನಕ್ಕ ಮೊದಲನೇ ಫಸಲು, ಆಮ್ಯಾಲ ನಾಕ್ ದಿನಕ್ಕೊಮ್ಮೆ ಕೀಳೂದು.”

“ಮಳಿ?”

“ಟಿವಿಯೊಳಗ ಹೇಳ್ತಾರ, ನಾಳಿ ಬರ್ತೈತಿ ಅಂತ.”

“ಬರ್ತೈತೇನು?”

“ಹೇಳಿದ್ರ ಬಂದಾ ಬರ್ತೈತಿ.”

“ಮಾರೂದೆಲ್ಲೆ?”

“ಮನಿ ಮುಂದ ಒಂದು ಪೆಟಿಗಿ ಐತಿ. ಅದರಾಗ ಹಾಕಿ ಮಲ್ಕೊಂಡ್ರ ಮುಂಜಾನಿ ರೊಕ್ಕ ಬಂದಿರ್ತಾವ.”

“ದಲಾಲಿ?”

“ಇಲ್ಲ.”

“ಹಮಾಲಿ?”

“ಅದೂ ಇಲ್ಲ.”

“ರೇಟು?”

“ಹೋದ ವರ್ಷ ಇದ್ದದ್ದ ಈ ವರ್ಷ.”

ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು, “ಅಲ್ಲೆ ಎಕರೆಕ್ಕ ಏನ್ ರೇಟ್ ನಡದೈತಿ, ಕೇಳಿ ಹೇಳು” ಅಂದು ಎದ್ದರು.

ಅದೇ ನೋಡಿ. ಆಟದಲ್ಲೂ ಕಾಗೆ ಬರುತ್ತದೆ, ಬೆದರುಗೊಂಬೆ ನಿಲ್ಲಿಸದಿದ್ದರೆ ಪೀಕು ತಿನ್ನುತ್ತದೆ. ಸಿಡಿಲು ಬಡಿಯುತ್ತದೆ. ಕಷ್ಟ ಇಲ್ಲ ಅಂತಲ್ಲ. ಆದರೆ ಪಟ್ಟ ಕಷ್ಟಕ್ಕೆ ತಕ್ಕ ಫಲ ಉಂಟು. ಇಪ್ಪತ್ತು ಬೀಜ ಸತ್ತದ್ದು ನನ್ನ ತಪ್ಪಿಗೆ. ಮುಂದಿನ ವರ್ಷ ವಸಂತದ ಮೊದಲ ದಿನವೇ ಊರಿದೆ, ಹೂಕೋಸೊಂದಕ್ಕೆ 175ರಂತೆ ಬಂತು. ಹೊರಗಿನ ಹೊಲದಲ್ಲಿ ಸರಿಯಾಗಿ ಮಾಡಿದವನೂ ಮುಳುಗುತ್ತಾನೆ, ಅದನ್ನು ಗಲ್ಲೆಯ ಮೇಲೆ ಕೂತು ಉದ್ರಿ ಖಾತೆಯಲ್ಲಿ ನೋಡುತ್ತೇನೆ. 2006ರಲ್ಲಿ ರಿಚರ್ಡ್ ರಯಾನ್ ಮತ್ತು ಸಂಗಡಿಗರಾದ ಮನಶ್ಶಾಸ್ತ್ರಜ್ಞರು ವಿಡಿಯೊ ಗೇಮಿನ ಸೆಳೆತದ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ. ಅವರು ಮೂರು ಹಸಿವು ಅನ್ನುತ್ತಾರೆ: ನನ್ನ ನಿರ್ಧಾರ ನನ್ನದಾಗಿರಬೇಕು, ಕೈ ಪಳಗಿದ್ದು ನನಗೇ ಕಾಣಬೇಕು, ನಾಲ್ಕು ಜನ ನನ್ನವರು ಅನ್ನಿಸಬೇಕು. ಒಪ್ಪುತ್ತೇನೆ. ಅದರ ಜೊತೆ ಕಾಕಾನ “ದಲಾಲಿ ಇಲ್ಲ” ಅನ್ನುವುದನ್ನೂ ಸೇರಿಸಬೇಕಿತ್ತು.

ನಾಲ್ಕು ಜನ ಅಂದೆನಲ್ಲ, ಆ ಊರಿನ ಹೆಸರು ಪೆಲಿಕನ್ ಟೌನ್. ಅಲ್ಲಿ ಶೇನ್ ಅಂತ ಒಬ್ಬನಿದ್ದಾನೆ. ಜೋಜಾ ಮಾರ್ಟ್ ಎಂಬ ದೊಡ್ಡ ಮಳಿಗೆಯಲ್ಲಿ ಕೆಲಸ, ಸಂಜೆಯಾದರೆ ಗುತ್ತಿಗೆ ಹಿಡಿದವನ ಹಾಗೆ ಬಾರಿನ ಮೂಲೆ. ಮೊದಲ ಸಲ ಮಾತಾಡಿಸಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ. ವಾರಕ್ಕೆ ಎರಡು ಸಲ ಏನಾದರೂ ಕೊಡುತ್ತಾ ಹೋದರೆ ಮೆಲ್ಲಗೆ ಬಾಯಿ ಬಿಡುತ್ತಾನೆ, ಒಳಗಿನದು ಹೇಳಿಕೊಳ್ಳುತ್ತಾನೆ. ಅವನಿಗೆ ಭಾಳ ಸೇರುವುದು ಏನು ಗೊತ್ತೇ? ಮೆಣಸಿನಕಾಯಿ. ಆವತ್ತೇ ಅಂದುಕೊಂಡೆ, ಇಂವ ನಮ್ಮ ಕಡೆಯವನೇ ಇರಬೇಕು. ಗುಡ್ಡದ ಹತ್ತಿರ ಡೇರೆ ಹಾಕಿಕೊಂಡಿರುವ ಲೈನಸ್ ಇನ್ನೊಬ್ಬ. ತೆಂಗಿನಕಾಯಿ ಕೊಟ್ಟರೆ ಅವನ ಮುಖ ಅರಳುತ್ತದೆ. ಆದರೆ ತೆಂಗು ಸಿಗುವ ಮರುಭೂಮಿಗೆ ಹೋಗಲು ಕೆಟ್ಟು ನಿಂತ ಬಸ್ಸು ರಿಪೇರಿ ಆಗಬೇಕು, ಅದಕ್ಕೆ 42,500 ನಾಣ್ಯ. ಒಂದು ಕಾಯಿಗೆ ಇಷ್ಟು ಖರ್ಚು ಮಾಡಿದ್ದೀನಲ್ಲ ಅಂತ ನಗು ಬಂತು. ಕೊಟ್ಟು ಬಂದ ರಾತ್ರಿ ಮಾತ್ರ ನಿದ್ದೆ ಚೆನ್ನಾಗಿ ಬಂತು, ಸುಳ್ಳಲ್ಲ.

ಪಿಯರ್ ಅನ್ನುವವನು ಊರಿನ ಬೀಜದಂಗಡಿಯವನು. ವೃತ್ತಿಬಾಂಧವ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತಾನೆ, ಬುಧವಾರ ಬಂದ್. ಗಡಿಬಿಡಿಯಲ್ಲಿ ಬೀಜಕ್ಕೆ ಓಡಿ ಬಾಗಿಲು ಮುಚ್ಚಿದ್ದು ಕಂಡಾಗಲೆಲ್ಲ ನನ್ನ ಗಿರಾಕಿಗಳ ಶಾಪ ನೆನಪಾಗುತ್ತದೆ. ಇವನ ಎದುರಾಳಿಯೇ ಜೋಜಾ. 5000 ನಾಣ್ಯ ಕಟ್ಟಿ ಅವರ ಮೆಂಬರ್ ಆದರೆ ಊರಿನ ಹಳೆಯ ಸಮುದಾಯ ಭವನ ಅವರ ಗೋದಾಮು ಆಗುತ್ತದೆ. ಆಮೇಲೆ ಯಾವ ಕೆಲಸಕ್ಕೂ ರೊಕ್ಕ ಎಸೆದರೆ ಸಾಕು. ಬೇಡ ಅಂದರೆ ಬೆಳೆ, ಮೀನು, ಹಣ್ಣು ಒಂದೊಂದಾಗಿ ಕೂಡಿಸಿ ಭವನವನ್ನು ನಾವೇ ಎಬ್ಬಿಸಬೇಕು. ಏನಾಗುತ್ತದೋ ನೋಡೋಣ ಅಂತ ಇನ್ನೊಂದು ಹೊಲ ತೆಗೆದು ಜೋಜಾ ಕಡೆ ಹೋಗಿದ್ದೆ. ಒಂದು ಋತುವೂ ಮುಗಿಸಲಾಗಲಿಲ್ಲ. ಪಾತ್ರ ಹಾಕಿದವನು ನಾನೇ ಅಲ್ಲವೇ, ಪಿಯರ್‌ನ ಮುಖ ನೋಡುವುದು ಹೇಗೆ?

ಈಗ ತಕರಾರು. ಮೀನು ಹಿಡಿಯುವ ಆಟ ಮೊಬೈಲಿನಲ್ಲಿ ಮೈ ಪರಚಿಕೊಳ್ಳುವಂತೆ ಮಾಡುತ್ತದೆ. ಹಸಿರು ಪಟ್ಟಿಯೊಂದನ್ನು ಜಿಗಿಯುವ ಮೀನಿನ ಮೇಲೆಯೇ ನಿಲ್ಲಿಸಬೇಕು, ಬೆರಳು ಒಂಚೂರು ತಪ್ಪಿದರೆ ಮೀನು ಪಾರು. ಅಕ್ಷರ ಸಣ್ಣದು, ಕನ್ನಡಕ ಹಾಕುವವರಿಗೆ ತ್ರಾಸು. ಹನ್ನೆರಡು ಭಾಷೆಗಳಲ್ಲಿ ಇದೆ, ಕನ್ನಡ ಬಿಡಿ, ಹಿಂದಿಯೂ ಇಲ್ಲ. ಇಂಗ್ಲಿಷ್ ಓದಲು ಬರದಿದ್ದರೆ ಶೇನ್ ಬರೇ ಸಿಡುಕನಾಗಿಯೇ ಉಳಿಯುತ್ತಾನೆ, ಅದೇ ದೊಡ್ಡ ನಷ್ಟ. ಇನ್ನು ಆಟದ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷ. “ಇನ್ನೊಂದು ದಿನ ಮುಗಿಸಿ ಮಲಗ್ತೀನಿ” ಅಂತ ಹೇಳಿ ಹೇಳಿ ಎಷ್ಟು ರಾತ್ರಿ ಹಾಳಾಗಿವೆಯೋ. ಆಟದೊಳಗಿನ ನನ್ನ ಪಾತ್ರ ರಾತ್ರಿ ಎರಡಕ್ಕೆ ಎಚ್ಚರ ತಪ್ಪಿ ಬೀಳುತ್ತದೆ. ನನಗೂ ಅಂಥದೊಂದು ನಿಯಮ ಬೇಕು.

ದೊಡ್ಡ ಪೆಟ್ಟು ಬಿದ್ದದ್ದು 2021ರಲ್ಲಿ. ಮೊಬೈಲ್ ಚಾರ್ಜ್ ಆಗದೆ ಸತ್ತಿತು, ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಸಂಜೆ ಕೈಗೆ ಬಂದಾಗ ಹೊಚ್ಚಹೊಸದರ ಹಾಗೆ ಸ್ವಚ್ಛವಾಗಿತ್ತು. “ಫಾರ್ಮ್ಯಾಟ್ ಮಾಡೀನ್ರಿ ಅಣ್ಣಾರ, ಫೋಟೊ ಎಲ್ಲಾ ಗೂಗಲ್‌ದಾಗ ಇರ್ತಾವ” ಅಂದ. ಫೋಟೊ ಇದ್ದವು. ಹೊಲ ಇರಲಿಲ್ಲ. ಮೊಬೈಲಿನ ಹೊಲ ಆ ಮೊಬೈಲಿನಲ್ಲೇ ಉಳಿಯುವಂಥದ್ದು, ಬೇರೆ ಕಡೆ ನಕಲು ತೆಗೆದಿಡುವುದು ನನಗೆ ಹೊಳೆದಿರಲಿಲ್ಲ. ಆಟದ ಎರಡನೇ ವರ್ಷದ ಶರದೃತುವಿನಲ್ಲಿತ್ತು. ನೀವು ಆಡುವುದಾದರೆ ಸೇವ್ ಫೈಲನ್ನು ವಾರಕ್ಕೊಮ್ಮೆ ತೆಗೆದಿಡಿ.

ಎರಡು ತಿಂಗಳು ಮುಟ್ಟಲಿಲ್ಲ. ಆಮೇಲೆ ಹಳೆಯ ಲ್ಯಾಪ್‌ಟಾಪಿಗೆ ಅದೇ ಆಟವನ್ನು ಐನೂರು ರೂಪಾಯಿಯ ಒಳಗೇ ಕೊಂಡೆ. ಆವತ್ತಿನಿಂದ ಇವತ್ತಿನವರೆಗೆ ಒಂದು ಪೈಸೆ ಹೆಚ್ಚು ಕೇಳಿಲ್ಲ. 2024ರ ಮಾರ್ಚ್‌ನಲ್ಲಿ ಬಂದ 1.6 ಆವೃತ್ತಿಯೂ ಪುಕ್ಕಟೆ, ಹೊಸ ಹಬ್ಬ ಹೊಸ ಮಾತು ಬೇಕಾದಷ್ಟು. ಹಬ್ಬದ ವಿಷಯದಲ್ಲಿ ಮಾತ್ರ ನಾನು ಪಕ್ಷಪಾತಿ. ಅವರ ವಸಂತದ ಹೂವಿನ ಕುಣಿತಕ್ಕೆ ನಮ್ಮ ಬಾಗಲಕೋಟೆಯ ಹೋಳಿಯ ಹಲಗಿ ಒಂದು ಸಲ ಕೇಳಿಸಬೇಕು.

ಎರಡೂ ಸಲ ಹೊಲಕ್ಕೆ ಇಟ್ಟ ಹೆಸರು ಒಂದೇ: ಹೊಳಿಹೊಲ. ಕೃಷ್ಣೆಯ ದಂಡೆಗೆ ನಮ್ಮ ಮುತ್ತ್ಯಾನ ಎರಿ ಭೂಮಿಯಿತ್ತು, ಮನೆಯಲ್ಲಿ ಅದಕ್ಕೆ ಹಾಗೇ ಅನ್ನುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆಗ ನಾನು ಮಾಧ್ಯಮಿಕ ಶಾಲೆಯಲ್ಲಿದ್ದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುತ್ತ್ಯಾ ಬಸ್ಸು ಹತ್ತಿ ಹೋಗಿ ದಂಡೆಯಲ್ಲಿ ನಿಂತು ನೋಡಿ ಬರುತ್ತಿದ್ದರು. ಆಟದಲ್ಲಿ ಹೊಲದ ನಮೂನೆ ಆರಿಸಿಕೊಳ್ಳಲು ಬರುತ್ತದೆ. ನಾನು ಆರಿಸಿದ್ದು ಹೊಳೆಯದು, ಎಲ್ಲಿ ನೋಡಿದರೂ ನೀರು, ನಡುವೆ ತುಂಡು ತುಂಡು ನೆಲ. ಬೇಸಾಯಕ್ಕೆ ಜಾಗ ಕಮ್ಮಿ, ಹೊಸಬರು ಆರಿಸಬೇಡಿ.

ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಶುರುಮಾಡಿದ ದಿನ ಅಪ್ಪ ಪಕ್ಕದಲ್ಲಿದ್ದರು. ಅಜ್ಜನ ಕಾಗದದ ದೃಶ್ಯ ಬಂತು. ಏನು ಬರೆದಿದ್ದಾನೆ ಅಂತ ಕೇಳಿದರು, ಕನ್ನಡದಲ್ಲಿ ಹೇಳಿದೆ.

“ಹೊಲ ಕೊಟ್ಟಾನೇನು ಕಾಗದದಾಗ?”

“ಹೂಂ.”

“ನಮಗ ಬಂದ ಕಾಗದದಾಗ ತಗೊಂಡಿದ್ರು” ಅಂದು ಚಹಾ ಕುಡಿಯಲು ಒಳಗೆ ಹೋದರು.

ಮೂರನೇ ವರ್ಷದ ಮೊದಲ ದಿನ ಆಟದ ಅಜ್ಜ ಬಂದು ಹೊಲ ನೋಡಿ ಮೇಣದಬತ್ತಿ ಹಚ್ಚುತ್ತಾನೆ, ಪೂರಾ ಮೆಚ್ಚಿದರೆ ನಾಲ್ಕು. ನನಗೆ ಮೂರು ಬಂದವು. ವಜ್ರ ಇಟ್ಟು ಮತ್ತೆ ಕರೆದರೆ ಇನ್ನೊಮ್ಮೆ ನೋಡುತ್ತಾನೆ. ವಜ್ರ ಪೆಟ್ಟಿಗೆಯಲ್ಲೇ ಇದೆ, ಇಟ್ಟಿಲ್ಲ. ಈಗ ಅಪ್ಪ ಊಟವಾದ ಮೇಲೆ ದಿನಾ ಹತ್ತು ನಿಮಿಷ ಬಂದು ಕೂರುತ್ತಾರೆ. ಮೂಡಣ ತುದಿಯಲ್ಲಿದ್ದ ಒಂದು ಗಿಡಕ್ಕೆ ನಾನು ಕೊಡಲಿ ಎತ್ತಿದಾಗ ತಡೆದರು. “ಬದುವಿನ ಗಿಡ ಕಡೀಬ್ಯಾಡ. ಬುತ್ತಿ ಎಲ್ಲೆ ಉಣ್ಣಾಂವ? ಅದರ ನೆಳ್ಳಾಗ ಏನೂ ಬಿತ್ತಬ್ಯಾಡ, ಪೀಕು ಏಳಂಗಿಲ್ಲ.” ಈ ಆಟದಲ್ಲಿ ನೆರಳಿಗೂ ಬೆಳೆಗೂ ಸಂಬಂಧವಿಲ್ಲ. ಆ ಗಿಡದ ಸುತ್ತಲಿನ ಎಂಟು ಚೌಕ ಇವತ್ತಿಗೂ ಖಾಲಿ ಬಿಟ್ಟಿದ್ದೇನೆ.