ತೂಕ ಇಳಿಸುವ ಆಪರೇಷನ್‌ಗೆ ಹೈದರಾಬಾದ್‌ಗೆ ಹೋಗುವವರು ದಯವಿಟ್ಟು ಓದಿ

ಇದನ್ನು ಬರೆಯೋಕೆ ಎರಡು ತಿಂಗಳು ಬೇಕಾಯಿತು. ನಾಚಿಕೆ ಕಣ್ರೀ, ಬೇರೇನಿಲ್ಲ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಇಪ್ಪತ್ತು ವರ್ಷದಿಂದ ಸೀರೆ ವ್ಯಾಪಾರ ಮಾಡುತ್ತಿದ್ದೇನೆ. ತೋರಿಸುವುದು ಇಳಕಲ್ ರೇಷ್ಮೆ, ಕಟ್ಟಿಕೊಡುವುದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಇಂಥ ಆಟಕ್ಕೆ ಬೀಳಬೇಡಿ ಅಂತ ಗಿರಾಕಿಗಳಿಗೆ ನಾನೇ ಬುದ್ಧಿ ಹೇಳುತ್ತೇನೆ. ನನಗೇ ಆ ಆಟ ಆಡಿಬಿಟ್ಟರು. ಅದೂ ನನ್ನ ಹೊಟ್ಟೆ ಕೊಯ್ಯುವ ವಿಷಯದಲ್ಲಿ.

ನನಗೆ 2018ರಲ್ಲಿ ಸೊಲ್ಲಾಪುರದಲ್ಲಿ ಸ್ಲೀವ್ ಆಪರೇಷನ್ ಆಗಿತ್ತು. ಹೊಟ್ಟೆಚೀಲದ ಮುಕ್ಕಾಲು ಭಾಗ ಕತ್ತರಿಸಿ, ಬಾಳೆಹಣ್ಣಿನ ಆಕಾರದಲ್ಲಿ ಒಂಚೂರು ಉಳಿಸುತ್ತಾರಲ್ಲ, ಅದು. 146 ಕೆಜಿ ಇದ್ದವನು 104ಕ್ಕೆ ಬಂದೆ. ಆಮೇಲೆ ಕೊರೊನಾ, ಅಂಗಡಿ ಬಂದ್, ಮನೆಯಲ್ಲಿ ಕೂತು ಸುಸಲಾ, ಮಿರ್ಚಿ ಭಜಿ. ತಪ್ಪು ನನ್ನದೇ. ಮತ್ತೆ 131. ಜೊತೆಗೆ ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ನುಗ್ಗುತ್ತಿತ್ತು. ಸ್ಲೀವ್ ಆದ ಕೆಲವರಿಗೆ ಹೀಗೆ ಆಗುತ್ತದೆ. ಆಗ ಅದನ್ನು ಬೈಪಾಸ್‌ಗೆ ಬದಲಾಯಿಸುತ್ತಾರೆ. ಹೃದಯದ ಬೈಪಾಸ್ ಅಲ್ಲ, ಹೊಟ್ಟೆಚೀಲವನ್ನು ಇನ್ನೂ ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವುದು. ಹೀಗೆ ಹಳೇ ಆಪರೇಷನ್ ಬದಲಾಯಿಸುವುದಕ್ಕೆ ರಿವಿಷನ್ ಅಂತಾರೆ. ಒಂದು ಸಲ ಕೊಯ್ದ ಹೊಟ್ಟೆ ಅಲ್ವಾ, ಒಳಗೆಲ್ಲ ಅಂಟಿಕೊಂಡಿರುತ್ತದೆ. ಹೊಲಿಗೆ ಹಾಕಿದ ಕಡೆ ಸೋರುವ ಅಪಾಯ ಮೊದಲ ಸಲಕ್ಕಿಂತ ಜಾಸ್ತಿ. ಸೊಲ್ಲಾಪುರದ ಡಾಕ್ಟರು ನೇರವಾಗಿ ಹೇಳಿದರು: "ರಿವಿಷನ್ ನನ್ನ ಕೈಲಿ ಬೇಡ. ಇದನ್ನೇ ಮಾಡಿ ಕೈ ಪಳಗಿದವರ ಹತ್ತಿರ ಹೋಗಿ." ಆ ಮನುಷ್ಯನಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಅಂದರೆ ನಾನು ಹುಡುಕಿಕೊಂಡು ಹೋಗಿದ್ದು ಆಸ್ಪತ್ರೆಯನ್ನಲ್ಲ. ಒಂದು ಕೈಯನ್ನು. ಇದನ್ನು ನೆನಪಿಡಿ.

ಅದೇ ಹೊತ್ತಿಗೆ ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಹೈದರಾಬಾದ್ ಆಸ್ಪತ್ರೆಯೊಂದರ ಉಚಿತ ಕ್ಯಾಂಪ್. ಬಾಗಿಲಲ್ಲೇ ಆಳೆತ್ತರದ ಬ್ಯಾನರ್, ಅದರ ಮೇಲೆ ದೊಡ್ಡ ಡಾಕ್ಟರ್ ಕೈಕಟ್ಟಿ ನಿಂತ ಫೋಟೋ. ಅವರೇ ಬಂದಿದ್ದರು ಕೂಡ. ನನ್ನ ಹಳೇ ರಿಪೋರ್ಟ್ ತಿರುಗಿಸಿ, ಹಿಂಬದಿಯಲ್ಲಿ ಪೆನ್ನಿನಿಂದ ಬೈಪಾಸ್ ಚಿತ್ರ ಬರೆದು ತೋರಿಸಿದರು. "ನೀವೇ ಮಾಡ್ತೀರಲ್ವಾ ಸರ್?" ಅಂತ ಕೇಳಿದೆ. ಹೆಗಲ ಮೇಲೆ ಕೈಯಿಟ್ಟು ನಕ್ಕರು. ನಕ್ಕರು ಅಷ್ಟೇ. ಹೌದು ಅನ್ನಲಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ.

ಮುಂದಿನದೆಲ್ಲ ಆಸ್ಪತ್ರೆ ಕಡೆಯ ಕೋಆರ್ಡಿನೇಟರ್ ಕೈಯಲ್ಲಿ. ನಮ್ಮೂರ ಕಡೆಯ ಹುಡುಗ, ಬಾಯಿ ತೆಗೆದರೆ ಅಣ್ಣಾರ ಅಣ್ಣಾರ. ಪ್ಯಾಕೇಜ್ 4 ಲಕ್ಷ 60 ಸಾವಿರ. "ಇನ್ಶೂರೆನ್ಸ್ ಅಂದ್ರ ತಡಾ ಆಗ್ತದ್ರಿ, ಕ್ಯಾಶ್ ಕೊಟ್ರ ಕಡಿಮಿ ಮಾಡಸ್ತೀನಿ." ಹೆಂಡತಿಯ ಪಾಟಲಿ ಅಡವಿಟ್ಟೆ. 80 ಸಾವಿರ ಅಡ್ವಾನ್ಸ್ ಕಳಿಸಿದೆ. ಲಿವರ್ ಕುಗ್ಗಲಿ ಅಂತ ಆಪರೇಷನ್‌ಗೆ ಮುಂಚೆ ಹದಿನಾಲ್ಕು ದಿನ ಬರೀ ಪ್ರೋಟೀನ್ ಪುಡಿ, ಸೂಪ್, ಮಜ್ಜಿಗೆ. ನಡುವೆ ತಮ್ಮನ ಮಗಳ ಮದುವೆ ಬಂತು. ಎಲ್ಲರೂ ಹೋಳಿಗೆ ಮೇಲೆ ತುಪ್ಪ ಸುರಿದುಕೊಳ್ಳುತ್ತಿದ್ದರೆ ನಾನು ಫ್ಲಾಸ್ಕ್ ಹಿಡಿದು ಕೂತಿದ್ದೆ. ಬಂದವರೆಲ್ಲ ಕೇಳುವವರೇ. ಎಲ್ಲರಿಗೂ ದೊಡ್ಡ ಡಾಕ್ಟರ್ ಹೆಸರು ಹೇಳಿದ್ದೇ ಹೇಳಿದ್ದು.

ಬುಧವಾರ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದೆವು, ಮಧ್ಯಾಹ್ನ ಅಡ್ಮಿಟ್. ಮರುದಿನ ಬೆಳಿಗ್ಗೆ ಆಪರೇಷನ್. ಸಂಜೆ ಸುಮ್ನೆ ವರಾಂಡದಲ್ಲಿ ಅಡ್ಡಾಡುತ್ತಿದ್ದೆ. ಅವರು ಕೊಟ್ಟ ಹಸಿರು ಗೌನು ನನ್ನ ಗಾತ್ರಕ್ಕೆ ಸಾಲದು, ಲಾಡಿ ಕಟ್ಟೋಕೆ ಬರುತ್ತಿರಲಿಲ್ಲ. ಹಿಂದೆ ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಿತ್ತು. ನರ್ಸ್‌ಗಳು ಕೂರುವ ಕಡೆ ಬಿಳಿ ಬೋರ್ಡ್. ಬೆಡ್ ನಂಬರ್, ಹೆಸರು, ಆಪರೇಷನ್, ಸರ್ಜನ್. ನನ್ನ ಹೆಸರು ಸಿಕ್ಕಿತು. ಅದರ ಮುಂದೆ ರಿವಿಷನ್ ಬೈಪಾಸ್ ಅಂತಿತ್ತು. ಅದರ ಮುಂದೆ ನಾನು ಯಾವತ್ತೂ ಕೇಳದ ಹೆಸರು.

ನರ್ಸ್ ತಲೆ ಎತ್ತದೆ ಹೇಳಿದಳು: "ಬಡೇ ಸರ್ ತೋ ಬಾಹರ್ ಗಯೇ ನಾ. ಸೋಮ್‌ವಾರ್ ಕೋ ಆಯೇಂಗೆ." ದೊಡ್ಡ ಡಾಕ್ಟರ್ ಹೊರಗೆ ಹೋಗಿದ್ದಾರೆ, ಬರುವುದು ಸೋಮವಾರ ಅಂತ.

ಹಿಂದೆ ಗೌನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಕೋಆರ್ಡಿನೇಟರ್‌ಗೆ ಫೋನ್ ಮಾಡಿದೆ. "ಬೋರ್ಡ್ ಮ್ಯಾಲ ತಪ್ಪು ಬರ್ದಿರ್ತಾರ್ರಿ ಅಣ್ಣಾರ." ಹತ್ತು ನಿಮಿಷ ಬಿಟ್ಟು ಅವನೇ ಮಾಡಿದ: "ಸರ್ ಇಲ್ಲಂದ್ರ ಏನಾಯ್ತ್ರಿ, ಸರ್ ಟೀಮ್ ಅದಲ್ರಿ." ನಾನಂದೆ, "ಬ್ಯಾನರ್ ಮ್ಯಾಲ ಟೀಮ್ ಫೋಟೋ ಇತ್ತೇನಪಾ?" ಉತ್ತರ ಇಲ್ಲ. ಆಮೇಲೆ ಹೇಳಿದ ಮಾತು ಕೇಳಿ: "ಬೇಕಂದ್ರ ಸರ್ ವಿಡಿಯೋ ಕಾಲ್‌ನ್ಯಾಗ ನೋಡ್ತಾರ್ರಿ." ವಿಡಿಯೋ ಕಾಲ್‌ನಲ್ಲಿ! ನನ್ನ ಹೊಟ್ಟೆ ಏನು ಸೀರೆನಾ, ಫೋನಲ್ಲಿ ನೋಡಿ ಬಣ್ಣ ಆರಿಸೋಕೆ?

ಬೋರ್ಡ್‌ನಲ್ಲಿದ್ದ ಡಾಕ್ಟರ್ ರಾತ್ರಿ ಬಂದರು. ಚಿಕ್ಕ ವಯಸ್ಸು, ಒಳ್ಳೆ ಮಾತು. ರಿವಿಷನ್ ಎಷ್ಟು ಮಾಡಿದ್ದೀರಿ ಅಂದೆ. "ಅಸಿಸ್ಟ್ ಮಾಡಿದ್ದೇನೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಸತ್ಯ ಹೇಳಿದ್ದು ಅವರೊಬ್ಬರೇ.

ಸೋಮವಾರದವರೆಗೆ ಕಾಯುತ್ತೇನೆ ಅಂತ ಬಿಲ್ಲಿಂಗ್‌ನಲ್ಲಿ ಹೇಳಿದೆ. ಆಗ ಬಂತು ನೋಡಿ: "ಬಡೇ ಸರ್ ಅವರೇ ಮಾಡಬೇಕು ಅಂದ್ರೆ ಅದು ಬೇರೆ ಪ್ಯಾಕೇಜ್." ಇನ್ನೂ 90 ಸಾವಿರ. ಕ್ಯಾಂಪ್‌ನಲ್ಲಿ ಹೇಳಿದ್ದು ಹಾಗಲ್ಲ ಅಂದೆ. ಅವರು ನಾನೇ ಸಹಿ ಹಾಕಿದ ಕಾಗದ ತೆಗೆದು ಬೆರಳಿಟ್ಟು ತೋರಿಸಿದರು. ಇಂಗ್ಲಿಷ್‌ನಲ್ಲಿ ದೊಡ್ಡ ಡಾಕ್ಟರ್ ಹೆಸರು, ಅದರ ಪಕ್ಕ "ಅಥವಾ ಅವರು ಸೂಚಿಸುವ ವೈದ್ಯರು". ಅಡ್ಮಿಟ್ ಆಗುವಾಗ ಆರು ಕಾಗದಕ್ಕೆ ನಿಂತಲ್ಲೇ ಸಹಿ ಹಾಕಿದ್ದೆ. ಬಾಕಿ ಬರೆಸಿಕೊಳ್ಳುವಾಗ ಒಂದೊಂದು ಸಾಲೂ ಓದುವವನು ನಾನು.

ಹೆಂಡತಿ ಒಂದೇ ಮಾತು ಹೇಳಿದಳು. "ನಡೀರಿ, ಮನಿಗಿ ಹೋಗಮು." ಅಂಗಿ ಹಾಕಿಕೊಂಡು ಹೊರಟೆ.

80 ಸಾವಿರದಲ್ಲಿ ಏಳು ವಾರ ಸತಾಯಿಸಿ ವಾಪಸ್ ಕೊಟ್ಟಿದ್ದು 23 ಸಾವಿರ. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡುವ ಎಂಡೋಸ್ಕೋಪಿ ರಿಪೋರ್ಟ್ ಕೂಡ ಕೊಡಲೊಲ್ಲರು. ಪಕ್ಕದ ಮನೆ ವಕೀಲರು ಹೇಳಿದರು, ರೋಗಿ ಕೇಳಿದ ದಾಖಲೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆಯಂತೆ. ಅದನ್ನೇ ಬರೆದು ಇಮೇಲ್ ಮಾಡಿದೆ. ಮರುದಿನವೇ ಬಂತು! ದೂರು ಕೊಡಲು ಹೈದರಾಬಾದ್‌ಗೆ ಅಲೆಯಬೇಕೇನೋ ಅಂದುಕೊಂಡಿದ್ದೆ. ಅದೂ ಬೇಕಿಲ್ಲ, 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಕೊಡಬಹುದು. ಕಾಗದ ಜೋಡಿಸುತ್ತಿದ್ದೇನೆ.

ನೀವು ಹೋಗುವುದಾದರೆ ಹೋಗಿ. ಹೈದರಾಬಾದ್‌ನಲ್ಲಿ ಒಳ್ಳೆಯವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ದುಡ್ಡು ಕೊಡುವ ಮುಂಚೆ, ಕತ್ತರಿ ಹಿಡಿಯುವುದು ಯಾರು ಅಂತ ಬರವಣಿಗೆಯಲ್ಲಿ ತಗೊಳ್ಳಿ. ಸಹಿ ಹಾಕುವಾಗ ಆ "ಅಥವಾ" ಹೊಡೆದುಹಾಕಿಸಿ. ಒಪ್ಪಲಿಲ್ಲ ಅಂದರೆ ಎದ್ದು ಬನ್ನಿ. ಪಾಲಿಸಿ ಇದ್ದರೆ ಕ್ಯಾಶ್ ಅನ್ನುವವನ ಮಾತು ಕೇಳಬೇಡಿ, ನೀವೇ ಕಂಪನಿಗೆ ಫೋನ್ ಮಾಡಿ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ದಾಟಿದವರಿಗೆ, ಹತೋಟಿಗೆ ಬಾರದ ಶುಗರ್‌ನಂಥ ದೊಡ್ಡ ತೊಂದರೆ ಇದ್ದರೆ 35 ದಾಟಿದವರಿಗೆ, ಷರತ್ತಿನ ಮೇಲೆ ಈ ಆಪರೇಷನ್ ಪಾಲಿಸಿಯಲ್ಲಿ ಬರಬಹುದು. ನನ್ನದು 45. ನಾನು ಕೇಳಲೇ ಇಲ್ಲ, ಮೂರ್ಖ.

ಹೋದ ವಾರ ಆ ಹುಡುಗನ ವಾಟ್ಸಾಪ್ ಬಂತು. ಮತ್ತೆ ಕ್ಯಾಂಪ್ ಅಂತೆ, ಈ ಸಲ ಯಾದಗಿರಿಯಲ್ಲಿ. ಅದೇ ಬ್ಯಾನರ್, ಅದೇ ಕೈಕಟ್ಟಿದ ಫೋಟೋ. ಕೆಳಗೆ ಬರೆದಿದ್ದ: "ಅಣ್ಣಾರ, ನಿಮ್ಮ ಕಡಿ ದಪ್ಪ ಇದ್ದವರು ಯಾರರೆ ಇದ್ರ ಕಳಸ್ರಿ."