ಮೆನ್ಸಾ ಊಟ: ಜೇಬಿಗೆ ಐದು ಸ್ಟಾರ್, ನಾಲಿಗೆಗೆ ಎರಡೂವರೆ

ಜರ್ಮನಿಗೆ ಓದಲು ಬರುವವರು ಮೊದಲು ಕೇಳುವುದು ರೂಮಿನ ಬಗ್ಗೆ, ಆಮೇಲೆ ಊಟದ ಬಗ್ಗೆ. ರೂಮು ಅವರವರ ಹಣೆಬರಹ, ಅದರ ಬಗ್ಗೆ ನಾನೇನೂ ಹೇಳಲ್ಲ. ಊಟಕ್ಕೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ: ಮೆನ್ಸಾಗೆ ಹೋಗಿ.

ಮೆನ್ಸಾ ಅಂದರೆ ಕ್ಯಾಂಪಸ್ ಕ್ಯಾಂಟೀನು. ನಡೆಸುವುದು ಸ್ಟುಡಿಯೆರೆಂಡೆನ್‌ವೆರ್ಕ್ ಅನ್ನುವ ಸಂಸ್ಥೆ, ಸ್ಟೂಡೆಂಟ್ ಹಾಸ್ಟೆಲ್‌ಗಳೂ ಅದರದೇ. ನಾವು ಸೆಮಿಸ್ಟರ್‌ಗೆ ಕಟ್ಟುವ ದುಡ್ಡಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಕಟ್ಟಿದ ಮೇಲೆ ತಿನ್ನದೆ ಬಿಟ್ಟರೆ ನಷ್ಟ ನಮಗೇ ಅಲ್ವಾ?

ಒಂದೇ ತಟ್ಟೆಗೆ ಮೂರು ರೇಟು: ಸ್ಟೂಡೆಂಟಿಗೆ ಕಮ್ಮಿ, ಸ್ಟಾಫಿಗೆ ಸ್ವಲ್ಪ ಜಾಸ್ತಿ, ಹೊರಗಿನವರಿಗೆ ಇನ್ನೂ ಜಾಸ್ತಿ. ನಾನು ತಿನ್ನುವ ಸಸ್ಯಾಹಾರಿ ಊಟ ಮೂರು ಯೂರೋ ಆಸುಪಾಸು. ವೀಸಾಗೆಂದು ಬ್ಲಾಕ್ಡ್ ಅಕೌಂಟಲ್ಲಿ ಇಟ್ಟ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುವಾಗ, ಬಾಡಿಗೆ, ಇನ್ಶೂರೆನ್ಸ್ ಕಳೆದ ಮೇಲೆ ಈ ಮೂರು ಯೂರೋ ಊಟವೇ ದೊಡ್ಡ ಆಸರೆ. ಬಹಳ ಕಡೆ ನಗದು ನಡೆಯಲ್ಲ, ಸ್ಟೂಡೆಂಟ್ ಕಾರ್ಡಿಗೇ ದುಡ್ಡು ತುಂಬಿಸಬೇಕು. ಹೊಸ ಸೆಮಿಸ್ಟರ್ ಶುರುವಾದಾಗ ಕಾರ್ಡನ್ನು ಮಷಿನ್‌ಗೆ ಹಾಕಿ ಅವಧಿ ಮುಂದುವರಿಸಿಕೊಳ್ಳಿ. ಇಲ್ಲದಿದ್ದರೆ ಹೊರಗಿನವರ ರೇಟು ಕತ್ತರಿಸಿಕೊಳ್ಳುತ್ತದೆ.

ಇನ್ನು ರುಚಿ. ದಾವಣಗೆರೆಯ ನಾಲಿಗೆ ನನ್ನದು, ಮಿರ್ಚಿ ಮಂಡಕ್ಕಿ ತಿಂದು ಬೆಳೆದದ್ದು. ಇಲ್ಲಿ ಉಪ್ಪು ಇದೆ, ಕೆನೆ ಇದೆ, ಖಾರ ಇಲ್ಲ. 'ಕರಿ' ಅಂತ ಬೋರ್ಡ್ ಹಾಕಿದ ದಿನ ಆಸೆಪಟ್ಟು ಓಡಿಬರಬೇಡಿ, ಅದು ಅರಿಸಿನ ಬಣ್ಣದ ಸಿಹಿ ತೆಂಗಿನಹಾಲು. ಮಿಲ್ಶ್‌ರೈಸ್ ಅಂತ ಒಂದಿದೆ: ಹಾಲಲ್ಲಿ ಬೇಯಿಸಿದ ಅನ್ನ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ, ಪಕ್ಕದಲ್ಲಿ ಚೆರ್ರಿ. ಪಾಯಸ ಅಂದುಕೊಳ್ಳಿ. ಅದನ್ನು ಮಧ್ಯಾಹ್ನದ ಊಟ ಅಂತಲೇ ಬಡಿಸುತ್ತಾರೆ, ಜನ ತಟ್ಟೆ ತುಂಬ ಹಾಕಿಸಿಕೊಂಡು ತಿನ್ನುತ್ತಾರೆ. ನನಗೆ ಹಿಡಿಸಿದ್ದು ಸೆಮ್ಮೆಲ್‌ಕ್ನ್ಯೋಡೆಲ್, ಹಳೇ ಬ್ರೆಡ್ಡಿನ ದಪ್ಪ ಉಂಡೆ, ಅಣಬೆ ಸಾಸ್ ಜೊತೆ. ಆಲೂಗಡ್ಡೆಯಂತೂ ನೂರು ವೇಷದಲ್ಲಿ ಬರುತ್ತದೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಪ್ರತಿ ಪದಾರ್ಥದ ಪಕ್ಕ ಹಂದಿ, ದನ, ಮೀನಿನ ಗುರುತು, ಕೆಲವು ಕಡೆ ಜೆಲಟಿನ್, ಆಲ್ಕೋಹಾಲ್ ಇದ್ದರೆ ಅದೂ ಇರುತ್ತದೆ. ಇಷ್ಟು ಸ್ಪಷ್ಟವಾಗಿ ನಮ್ಮ ಊರಿನ ಹೋಟೆಲಲ್ಲೂ ನಾನು ನೋಡಿಲ್ಲ.

ಆದರೆ ನಾನು ಮೆನ್ಸಾ ಬಿಡದಿರುವುದಕ್ಕೆ ಕಾರಣ ಊಟವೊಂದೇ ಅಲ್ಲ. ಇಲ್ಲಿನವರು ಕ್ಲಾಸಲ್ಲಿ ಮಾತಾಡುವುದು ಕಮ್ಮಿ. ಲೆಕ್ಚರ್ ಮುಗಿದಾಗ ಚಪ್ಪಾಳೆ ಬದಲು ಡೆಸ್ಕ್ ಕುಟ್ಟಿ ಎದ್ದು ಹೊರಡುತ್ತಾರೆ. ಅದೇ ಜನ ಹನ್ನೆರಡಕ್ಕೆ ಟ್ರೇ ಹಿಡಿದು 'ಮಾಲ್‌ತ್ಸೈಟ್' (ಊಟದ ಹೊತ್ತಿನ ನಮಸ್ಕಾರ) ಅಂತ ಎದುರು ಕೂತರೆ ಬೇರೆಯೇ ಮನುಷ್ಯರು. ಟೈಮ್‌ಟೇಬಲಲ್ಲಿ ಸಮಯದ ಪಕ್ಕ 'ಸಿ.ಟಿ.' ಅಂತಿದ್ದರೆ ಕ್ಲಾಸು ಕಾಲು ಗಂಟೆ ತಡವಾಗಿ ಶುರು ಅನ್ನುವುದನ್ನು ನನಗೆ ಹೇಳಿದ್ದು ಮೆನ್ಸಾ ಟೇಬಲ್ಲೇ, ಓರಿಯೆಂಟೇಶನ್ ಅಲ್ಲ. ನಮ್ಮ ಪ್ರೊಫೆಸರೂ ಅದೇ ಕ್ಯೂನಲ್ಲಿ ನಿಲ್ಲುತ್ತಾರೆ, ಯಾರೂ ಜಾಗ ಬಿಡಲ್ಲ. ಮೊದಮೊದಲು ನಾನು ಸುಮ್ನೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ, ಅವರಿಗೇ ಮುಜುಗರ.

ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿಯ ಸಣ್ಣ ಡಬ್ಬಿ ನನ್ನ ಬ್ಯಾಗಲ್ಲಿ ಯಾವಾಗಲೂ ಇರುತ್ತದೆ. ಬೇಯಿಸಿದ ಆಲೂಗಡ್ಡೆ ಮೇಲೆ ಉದುರಿಸಿಕೊಂಡರೆ ಎರಡೂವರೆ ಸ್ಟಾರ್ ನಾಲ್ಕಾಗುತ್ತದೆ. ಲ್ಯಾಬಿನ ಹುಡುಗನೊಬ್ಬ ಒಂದು ಚಮಚ ಹಾಕಿಸಿಕೊಂಡ. ಕಣ್ಣಲ್ಲಿ ನೀರು ಬಂತು, ಗಟಗಟ ನೀರು ಕುಡಿದ, ಮರುದಿನ ಅವನೇ ಡಬ್ಬಿ ಎಲ್ಲಿ ಅಂದ. ಈಗ ಮನೆಗೆ ಎರಡು ಪ್ಯಾಕೆಟ್ ಹೇಳುತ್ತಿದ್ದೇನೆ.

ತಕರಾರು ಒಂದಿದೆ. ಬಹುತೇಕ ಮೆನ್ಸಾಗಳಲ್ಲಿ ಎರಡು, ಎರಡೂವರೆಗೆಲ್ಲ ಬಡಿಸುವುದು ನಿಂತುಹೋಗುತ್ತದೆ. ನಮ್ಮ ಹಾಗೆ ಮೂರಕ್ಕೆ ಉಣ್ಣುವವರಿಗೆ ಕಷ್ಟ. ಭಾನುವಾರ ಮೆನ್ಸಾ ಇಲ್ಲ, ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಅಕ್ಕಿ, ಬೇಳೆ, ಮೊಸರು ಶನಿವಾರವೇ ತಂದಿಡಿ. ಸೆಮಿಸ್ಟರ್ ರಜೆಯಲ್ಲಿ ಟೈಮಿಂಗ್ ಬದಲಾಗುತ್ತದೆ, ಮೆನು ನೋಡಿಕೊಂಡೇ ಹೊರಡಿ.