ಕ್ಯಾಂಪಿನ ಶನಿವಾರದ ಪಾಠ: ಗಲಾತ್ಯ, ರೋಮಾಪುರ, ಯಾಕೋಬ ಪತ್ರಿಕೆಗಳ ಹತ್ತು ವಾರದ ಕನ್ನಡ ತರಗತಿ ಹೇಗಿದೆ?

ಬೆಳಗಾವಿ ಕ್ಯಾಂಪ್‌ನ ಒಂದು ಹಳೆಯ ಚರ್ಚಿನ ಹಿಂಬದಿಯ ಹಾಲ್‌ನಲ್ಲಿ ನಡೆಯುವ ತರಗತಿ ಇದು. ಶನಿವಾರ ಸಂಜೆ ಐದೂವರೆಯಿಂದ ಏಳೂವರೆ, ಹತ್ತು ವಾರ, ಪಾಠ ಪೂರ್ತಿ ಕನ್ನಡದಲ್ಲಿ. ಓದುವುದು ಬೈಬಲಿನ ಹೊಸ ಒಡಂಬಡಿಕೆಯ ಮೂರು ಪತ್ರಿಕೆ: ಅಪೊಸ್ತಲ ಪೌಲ ಗಲಾತ್ಯದವರಿಗೂ ರೋಮಾಪುರದವರಿಗೂ ಬರೆದ ಎರಡು, ಯಾಕೋಬನದು ಒಂದು. ಶುಲ್ಕ 600 ರೂಪಾಯಿ. 84 ಪುಟದ ಝೆರಾಕ್ಸ್ ಟಿಪ್ಪಣಿ, ನಡುವಿನ ಚಹಾ ಎರಡೂ ಅದರಲ್ಲೇ ಬಂತು. ಮನುಷ್ಯ ದೇವರ ಮುಂದೆ ನೀತಿವಂತನಾಗಿ ನಿಲ್ಲುವುದು ನಂಬಿಕೆಯಿಂದಲೋ, ಧರ್ಮಶಾಸ್ತ್ರ ಪಾಲಿಸುವುದರಿಂದಲೋ ಎಂಬ ಪ್ರಶ್ನೆಗೆ ಮೊದಲ ಕ್ರೈಸ್ತರು ಏನು ಉತ್ತರ ಕೊಟ್ಟರು ಎಂಬುದೇ ಇಲ್ಲಿನ ವಿಷಯ. ಮೊದಲ ಎಂಟು ವಾರ ಬಹಳ ಚೆನ್ನಾಗಿವೆ. ಒಂಬತ್ತನೆಯ ವಾರ ಕೈಕೊಡುತ್ತದೆ. ಹಾಗಿದ್ದೂ ಸೇರಿಕೊಳ್ಳಿ ಅಂತಲೇ ಹೇಳುತ್ತೇವೆ. ಯಾಕೆ ಅನ್ನುವುದನ್ನು ಕೆಳಗೆ ಬಿಡಿಸಿದ್ದೇವೆ.

ಇಂಥ ಪಾಠಗಳು ಸಾಮಾನ್ಯವಾಗಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಿಂದ ಶುರುವಾಗಿ ಮೂರನೆಯ ಅಧ್ಯಾಯದ ಹೊತ್ತಿಗೆ ಕೇಳುವವರನ್ನು ಸುಸ್ತು ಮಾಡಿಬಿಡುತ್ತವೆ. ಇಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಿಂದ, ಅದೂ ಒಂದು ಊಟದ ಪಂಕ್ತಿಯಿಂದ ಪ್ರಾರಂಭ. ಸಿರಿಯಾದ ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಸುನ್ನತಿಯಿಲ್ಲದ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಸಂಗಡ ಊಟ ಮಾಡುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದ. ಪೌಲನ ಜೊತೆಗಾರ ಬಾರ್ನಬನೂ ಅವನ ಹಿಂದೆಯೇ ಹೋದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ಖಂಡಿಸಿದ. 'ನೇಮನಿಷ್ಠೆಗಳಿಂದ (ಧರ್ಮಶಾಸ್ತ್ರ ಹೇಳುವ ಕ್ರಿಯೆಗಳಿಂದ) ಯಾರೂ ನೀತಿವಂತರೆಂದು ನಿರ್ಣಯಿಸಲ್ಪಡುವುದಿಲ್ಲ' ಎಂಬ ಮಾತು ಬರುವುದು ಈ ಜಗಳದ ಬೆನ್ನಿಗೇ. ಯಾರ ಜೊತೆ ಕೂತು ಉಣ್ಣಬಹುದು, ಯಾರ ಜೊತೆ ಉಣ್ಣಬಾರದು ಎಂಬ ಪ್ರಶ್ನೆಯ ತೂಕವನ್ನು ನಮ್ಮ ಕಡೆಯ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಪ್ರಾರಂಭಿಸಿದ್ದರಿಂದ ನೀತಿನಿರ್ಣಯ ಎಂಬ ತತ್ವ ಆಕಾಶದಿಂದ ಇಳಿದುಬಂದದ್ದಲ್ಲ, ತಟ್ಟೆಯ ಮುಂದೆ ಹುಟ್ಟಿದ್ದು ಎಂದು ಮೊದಲ ದಿನವೇ ತಿಳಿಯುತ್ತದೆ.

ಎರಡು, ಮೂರನೆಯ ವಾರಗಳು ಶಬ್ದಗಳಿಗೆ ಮೀಸಲು. ಕೊಟ್ಟ ದುಡ್ಡು ಇಲ್ಲೇ ಹುಟ್ಟುತ್ತದೆ. ಕನ್ನಡದ ಓದುಗ ಎಡವುವ ಕಡೆ ಮೂರು. 'ಧರ್ಮಶಾಸ್ತ್ರ' ಅಂದಾಗ ಮನಸ್ಸು ಮನುಸ್ಮೃತಿಯ ಕಡೆ ಓಡುತ್ತದೆ. ಇಲ್ಲಿ ಅದು ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಗೆ ಕೊಟ್ಟ ಯೆಹೂದ್ಯರ ನಿಯಮ, ತೋರಾ. 'ನೀತಿ' ಅಂದಾಗ ನೀತಿಕಥೆ ನೆನಪಾಗುತ್ತದೆ. ಇಲ್ಲಿ ಅದು ನ್ಯಾಯಸ್ಥಾನದ ಶಬ್ದ. 'ಕ್ರಿಯೆ' ಅಂದಾಗ ಕರ್ಮಸಿದ್ಧಾಂತ ಒಳಗೆ ನುಸುಳುತ್ತದೆ. ಪೌಲನ ಮಾತಿನಲ್ಲಿ ಜನ್ಮಜನ್ಮಾಂತರದ ಲೆಕ್ಕ ಇಲ್ಲವೇ ಇಲ್ಲ. ಕಲಿಸುವವರು ಈ ಮೂರನ್ನೂ ಬೋರ್ಡಿನ ಮೇಲೆ ಬರೆದು, ಕೊನೆಯ ವಾರದವರೆಗೂ ಅಳಿಸದೆ ಬಿಟ್ಟಿದ್ದು ಒಳ್ಳೆಯ ಕೆಲಸ.

ನೀತಿ ನ್ಯಾಯಸ್ಥಾನದ ಶಬ್ದ ಎಂಬುದನ್ನು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 25:1ರಿಂದ ತೋರಿಸುತ್ತಾರೆ. ನ್ಯಾಯಾಧಿಪತಿಗಳು ನಿರಪರಾಧಿಯನ್ನು ನಿರಪರಾಧಿಯೆಂದು, ಅಪರಾಧಿಯನ್ನು ಅಪರಾಧಿಯೆಂದು ತೀರ್ಪು ಕೊಡಬೇಕು. ದುಷ್ಟನನ್ನು ನೀತಿವಂತನೆಂದು ನಿರ್ಣಯಿಸುವವನು ಯೆಹೋವನಿಗೆ ಅಸಹ್ಯ ಎನ್ನುತ್ತದೆ ಜ್ಞಾನೋಕ್ತಿ 17:15. ಇವೆರಡನ್ನೂ ಓದಿಸಿ ಆಮೇಲೆ ರೋಮಾಪುರ 4:5ಕ್ಕೆ ಬರುತ್ತಾರೆ. ಅಲ್ಲಿ ಪೌಲ ಹೇಳುವ ದೇವರು ಭಕ್ತಿಹೀನನನ್ನೇ ನೀತಿವಂತನೆಂದು ನಿರ್ಣಯಿಸುವಾತ! ಅಂದರೆ ಜ್ಞಾನೋಕ್ತಿ ಬೇಡ ಎಂದದ್ದನ್ನೇ ದೇವರು ಮಾಡುತ್ತಾನೆ ಅಂದಂತಾಯಿತು. ಜ್ಞಾನೋಕ್ತಿಯನ್ನು ಮೊದಲು ಓದದಿದ್ದರೆ ಈ ವಾಕ್ಯದ ಬಿಸಿ ಯಾರಿಗೂ ತಟ್ಟುವುದಿಲ್ಲ.

ರೋಮಾಪುರ 4ನೆಯ ಅಧ್ಯಾಯದ 'ಎಣಿಸು' ಎಂಬ ಕ್ರಿಯಾಪದ ಗ್ರೀಕಿನಲ್ಲಿ ಲೆಕ್ಕಪತ್ರದ ಮಾತು. ಇದನ್ನು ಖಡೇಬಜಾರದ ಅಂಗಡಿಯ ಖಾತೆವಹಿಯಿಂದ ವಿವರಿಸುತ್ತಾರೆ. ದುಡಿದವನ ಖಾತೆಗೆ ಬರುವುದು ಪಗಾರ, ಅದು ಕೊಡಬೇಕಾದ ಬಾಕಿ. ದುಡಿಯದವನ ಖಾತೆಗೆ ಜಮಾ ಆದರೆ ಅದು ಕೃಪೆ. 4:4ರಲ್ಲಿ ಪೌಲ ಮಾಡುವುದು ಇದೇ ಭೇದ. ಉಪಮೆಯನ್ನು ಇಲ್ಲಿಗೇ ನಿಲ್ಲಿಸಿದ್ದೂ ಸರಿ. ಖಾತೆವಹಿಯ ಮಾತನ್ನು ಎಂಟನೆಯ ಅಧ್ಯಾಯದವರೆಗೆ ಎಳೆದರೆ ಅಲ್ಲಿ ಬರುವ ಆತ್ಮ, ಪುತ್ರತ್ವ, ನರಳಾಟ ಯಾವುದಕ್ಕೂ ಆ ವಹಿಯಲ್ಲಿ ಕಾಲಂ ಇಲ್ಲ.

ಬೆಳಗಾವಿಯಲ್ಲಿ ಮಾತ್ರ ಸಿಗುವ ಒಂದು ಲಾಭವೂ ಇದೆ. ತರಗತಿಯಲ್ಲಿ ಮೆಥೊಡಿಸ್ಟರು, ಕಥೋಲಿಕರು, ಮರಾಠಿ ಮನೆಮಾತಿನವರು ಎಲ್ಲರೂ ಕೂತಿರುತ್ತಾರೆ. ಸತ್ಯವೇದ ಎಂಬ ಹಳೆಯ ಕನ್ನಡ ಬೈಬಲ್ 'ನೀತಿವಂತರೆಂದು ನಿರ್ಣಯಿಸು' ಎನ್ನುತ್ತದೆ. ಕಥೋಲಿಕರ ಕೈಯಲ್ಲಿರುವ ಕನ್ನಡ ಭಾಷಾಂತರ ಅದೇ ಜಾಗದಲ್ಲಿ 'ದೇವರೊಡನೆ ಸತ್ಸಂಬಂಧ' ಎನ್ನುತ್ತದೆ, ನಂಬಿಕೆಯ ಬದಲು 'ವಿಶ್ವಾಸ' ಎನ್ನುತ್ತದೆ. ಮರಾಠಿಯಲ್ಲಿ 'ನೀತಿಮಾನ್ ಠರತೋ'. ಪಂಚಾಯಿತಿಯ 'ಠರಾವು' ಗೊತ್ತಿರುವ ಯಾರಿಗಾದರೂ ಆ ಕ್ರಿಯಾಪದದ ಬಲ ಥಟ್ಟನೆ ಹೊಳೆಯುತ್ತದೆ: ಒಂದು ನಿರ್ಧಾರ ಆಯಿತು, ದಾಖಲಾಯಿತು. ಮೂರನ್ನೂ ಅಕ್ಕಪಕ್ಕ ಇಟ್ಟು ಓದಿಸುವ ಆ ನಲವತ್ತು ನಿಮಿಷ ಇಡೀ ಪಾಠದಲ್ಲೇ ಶ್ರೇಷ್ಠ. 'ಸತ್ಸಂಬಂಧ'ದಲ್ಲಿ ಒಡಂಬಡಿಕೆಯ ಬಿಸುಪು ಉಳಿಯುತ್ತದೆ, ಕಟಕಟೆ ಮರೆಯಾಗುತ್ತದೆ. 'ನಿರ್ಣಯಿಸು'ವಿನಲ್ಲಿ ಕಟಕಟೆ ಉಳಿಯುತ್ತದೆ, ಸಂಬಂಧ ಮರೆಯಾಗುತ್ತದೆ. ಒಂದೇ ಭಾಷಾಂತರ ಹಿಡಿದು ಓದುವವರು ಯಾವುದೋ ಅರ್ಧವನ್ನು ಕಳೆದುಕೊಂಡೇ ತೀರುತ್ತಾರೆ.

ನಾಲ್ಕನೆಯ ವಾರ ಯೆಹೂದ್ಯರ ಮೂಲಪುರುಷ ಅಬ್ರಹಾಮನದು. ಆದಿಕಾಂಡ 15:6ರಲ್ಲಿ ಅವನ ನಂಬಿಕೆ ನೀತಿಯೆಂದು ಎಣಿಕೆಯಾಯಿತು. ಸುನ್ನತಿಯ ಆಜ್ಞೆ ಬರುವುದು 17ನೆಯ ಅಧ್ಯಾಯದಲ್ಲಿ, ಅವನಿಗೆ 99 ವರ್ಷವಾದಾಗ, ಅವನ ಮಗ ಇಷ್ಮಾಯೇಲನಿಗೆ 13 ವರ್ಷವಾಗಿದ್ದಾಗ. ಎಣಿಕೆ ಮೊದಲು, ಗುರುತು ಆಮೇಲೆ. ರೋಮಾಪುರ 4:10ರ ವಾದ ಪೂರ್ತಿ ನಿಂತಿರುವುದು ಈ ಕ್ರಮದ ಮೇಲೆ. ಧರ್ಮಶಾಸ್ತ್ರ ಬಂದದ್ದು ದೇವರು ಅಬ್ರಹಾಮನಿಗೆ ಕೊಟ್ಟ ವಾಗ್ದಾನದ 430 ವರ್ಷದ ನಂತರ ಎಂಬ ಗಲಾತ್ಯ 3:17ರ ಲೆಕ್ಕವೂ ಇದೇ ಜಾತಿಯದು. ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು ನಾಲ್ಕು ಗುರುತು ಹಾಕಿದರು, ಅಷ್ಟರಲ್ಲೇ ಮುಗಿಯಿತು. ನಿಮ್ಮ ವಹಿಯಲ್ಲೂ ಆ ಗೆರೆ ಎಳೆದುಕೊಳ್ಳಿ, ಮುಂದಿನ ಆರು ವಾರವೂ ಬೇಕಾಗುತ್ತದೆ.

ಐದನೆಯ ವಾರಕ್ಕೆ ಮನೆಯಲ್ಲಿ ತಯಾರಾಗದೆ ಬರಬೇಡಿ. ಗಲಾತ್ಯ 3:10ರಿಂದ 13ರವರೆಗೆ ನಾಲ್ಕು ವಾಕ್ಯದಲ್ಲಿ ನಾಲ್ಕು ಉಲ್ಲೇಖಗಳಿವೆ: ಧರ್ಮೋಪದೇಶಕಾಂಡ 27:26, ಹಬಕ್ಕೂಕ 2:4, ಯಾಜಕಕಾಂಡ 18:5, ಧರ್ಮೋಪದೇಶಕಾಂಡ 21:23. ನಾಲ್ಕನ್ನೂ ಮೂಲದ ಜಾಗದಲ್ಲಿ ಓದಿಕೊಂಡು ಬಂದವರಿಗೆ ಮಾತ್ರ ಆ ಸಂಜೆ ದಕ್ಕುತ್ತದೆ. ಹಬಕ್ಕೂಕನ ಹೀಬ್ರೂ ಮೂಲದಲ್ಲಿ ನೀತಿವಂತನು 'ತನ್ನ' ನಂಬಿಗಸ್ತಿಕೆಯಿಂದ ಬದುಕುತ್ತಾನೆ. ಹಳೆಯ ಗ್ರೀಕ್ ಭಾಷಾಂತರದಲ್ಲಿ ದೇವರು 'ನನ್ನ' ನಂಬಿಗಸ್ತಿಕೆಯಿಂದ ಎನ್ನುತ್ತಾನೆ. ಪೌಲ ಎರಡೂ ಸರ್ವನಾಮಗಳನ್ನು ಬಿಟ್ಟುಬಿಟ್ಟ. ಹಾಗಾಗಿ 'ನಂಬಿಕೆಯಿಂದ' ಎಂಬುದನ್ನು 'ನೀತಿವಂತ'ನಿಗೂ ಕೂಡಿಸಬಹುದು, 'ಬದುಕುವನು' ಎಂಬುದಕ್ಕೂ ಕೂಡಿಸಬಹುದು. ಟಿಪ್ಪಣಿಯ 31ನೆಯ ಪುಟದಲ್ಲಿ ಒಂದೇ ಅರ್ಥ ಅಚ್ಚಾಗಿದೆ. ಬಾಯಲ್ಲಿ ಹೇಳಿದ್ದು ಸರಿಯಾಗಿತ್ತು, ಕಾಗದದಲ್ಲಿ ತಪ್ಪಿದೆ. ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಇಂಥದೇ ಇನ್ನೊಂದು ಗಂಟು 'ಕ್ರಿಸ್ತನ ನಂಬಿಕೆ'. ಗ್ರೀಕಿನ ಷಷ್ಠಿ ವಿಭಕ್ತಿಯನ್ನು ಕ್ರಿಸ್ತನ ಮೇಲೆ ನಾವಿಡುವ ನಂಬಿಕೆ ಎಂದೂ ಓದಬಹುದು, ಕ್ರಿಸ್ತನೇ ತೋರಿದ ನಂಬಿಗಸ್ತಿಕೆ ಎಂದೂ ಓದಬಹುದು. ಸತ್ಯವೇದ 'ಕ್ರಿಸ್ತನನ್ನು ನಂಬುವುದರಿಂದ' ಎಂದು ಅನುವಾದಿಸಿ ಪ್ರಶ್ನೆಯನ್ನೇ ಮುಚ್ಚಿದೆ. ತರಗತಿಯಲ್ಲಿ ಅದನ್ನು ತೆರೆದಿಟ್ಟರು, ತೀರ್ಪು ಕೊಡಲಿಲ್ಲ. ಅದು ಒಳ್ಳೆಯದೇ.

ನೇಮನಿಷ್ಠೆ ಅಂದರೆ ಏನು ಎಂಬುದಕ್ಕೆ ಆರನೆಯ ವಾರ. ಎಲ್ಲ ಸತ್ಕಾರ್ಯಗಳೂ ಸೇರಿದವೋ, ಯೆಹೂದ್ಯರನ್ನು ಬೇರೆ ಮಾಡಿ ತೋರಿಸುವ ಸುನ್ನತಿ, ಸಬ್ಬತ್, ಆಹಾರನಿಯಮಗಳೇ ಮುಖ್ಯವೋ? 1977ರಲ್ಲಿ ಬೈಬಲ್ ವಿದ್ವಾಂಸ ಇ.ಪಿ. ಸ್ಯಾಂಡರ್ಸ್ ಎತ್ತಿದ ಚರ್ಚೆಯನ್ನೂ, ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕಿ 1994ರಲ್ಲಿ ಪೂರ್ತಿ ಪ್ರಕಟವಾದ ಹಳೆಯ ಯೆಹೂದಿ ಪತ್ರದಲ್ಲಿ 'ತೋರಾದ ಕ್ರಿಯೆಗಳು' ಎಂಬ ಮಾತೇ ಇರುವುದನ್ನೂ ಸರಳವಾಗಿ ತಂದರು. ಆ ಪತ್ರದ ಪಟ್ಟಿಯಲ್ಲಿರುವುದು ಶುದ್ಧಾಶುದ್ಧದ, ಬಲಿಯ ನಿಯಮಗಳು. ಇದನ್ನು ಕೇಳಿದವರು ಮುಂದೆ ಯೆಹೂದ್ಯರೆಂದರೆ ಪುಣ್ಯ ಗಳಿಸಿ ಸ್ವರ್ಗ ಕೊಳ್ಳಲು ಹೊರಟವರು ಎಂದು ಪ್ರಸಂಗ ಮಾಡಲಾರರು. ಅಷ್ಟಾದರೆ ಈ ತರಗತಿಗೆ 600 ರೂಪಾಯಿ ಕಡಿಮೆಯೇ.

ಏಳು, ಎಂಟನೆಯ ವಾರಗಳಲ್ಲಿ ರೋಮಾಪುರ 5ರಿಂದ 8. ವೇಗ ಸ್ವಲ್ಪ ಹೆಚ್ಚಾದರೂ ದಾರಿ ತಪ್ಪಲಿಲ್ಲ.

ಈಗ ಒಂಬತ್ತನೆಯ ವಾರ. ಎರಡೇ ಗಂಟೆಯಲ್ಲಿ ಯಾಕೋಬನ ಪತ್ರಿಕೆ, ಅಪೊಸ್ತಲರ ನಂತರದ ಮುನ್ನೂರು ವರ್ಷ, ಜೊತೆಗೆ ಹದಿನಾರನೆಯ ಶತಮಾನದ ಜರ್ಮನ್ ಸುಧಾರಕ ಲೂಥರ್! ಇದು ಆಗದ ಮಾತು. ಟಿಪ್ಪಣಿಯಲ್ಲಿ ರೋಮಾಪುರ 3:28 'ನಂಬಿಕೆಯಿಂದಲೇ' ಎಂದಿದೆ. ಆ 'ಏ' ಗ್ರೀಕಿನಲ್ಲಿಲ್ಲ. 1522ರಲ್ಲಿ ಲೂಥರ್ ಜರ್ಮನ್‌ನಲ್ಲಿ 'ಮಾತ್ರ' ಎಂದು ಸೇರಿಸಿದ್ದೂ ಇದೇ ಜಾಗದಲ್ಲಿ. ಹೊಸ ಒಡಂಬಡಿಕೆಯಲ್ಲಿ 'ನಂಬಿಕೆ ಮಾತ್ರ' ಎಂಬ ಮಾತು ನಿಜವಾಗಿ ಬರುವುದು ಒಂದೇ ಕಡೆ, ಯಾಕೋಬ 2:24ರಲ್ಲಿ, ಅದೂ 'ಅಲ್ಲ' ಎಂಬುದರ ಜೊತೆ. ಪೌಲ, ಯಾಕೋಬ ಇಬ್ಬರೂ ಆಧಾರವಾಗಿ ಹಿಡಿಯುವುದು ಆದಿಕಾಂಡ 15:6. ಆದರೆ ಯಾಕೋಬ ಅದನ್ನು 22ನೆಯ ಅಧ್ಯಾಯದಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿಗೆ ಒಪ್ಪಿಸಿದ್ದರ ಜೊತೆ ಇಟ್ಟು ಓದುತ್ತಾನೆ, ಪೌಲ ಅದು 17ನೆಯ ಅಧ್ಯಾಯದ ಸುನ್ನತಿಗೆ ಮೊದಲಿನದು ಎಂಬುದನ್ನೇ ಹಿಡಿಯುತ್ತಾನೆ. ದೆವ್ವಗಳೂ ನಂಬಿ ನಡುಗುತ್ತವೆ ಎನ್ನುವ ಯಾಕೋಬನ 'ನಂಬಿಕೆ' ಬರೀ ಒಪ್ಪಿಗೆ. ಪೌಲನ 'ನಂಬಿಕೆ' ಪ್ರೀತಿಯಿಂದ ಕೆಲಸ ಮಾಡುವಂಥದ್ದು. ಒಂದು ಪೂರ್ತಿ ಸಂಜೆ ಬೇಕಾದ ಈ ವಿಷಯಕ್ಕೆ ಇಪ್ಪತ್ತೈದು ನಿಮಿಷ ಸಿಕ್ಕಿತು.

ಆದಿಸಭೆಗೆ ಆದದ್ದು ಇನ್ನೂ ಅನ್ಯಾಯ. ಸುಮಾರು ಕ್ರಿ.ಶ. 96ರಲ್ಲಿ ರೋಮಿನಿಂದ ಕೊರಿಂಥಕ್ಕೆ ಹೋದ ಕ್ಲೆಮೆಂಟನ ಮೊದಲನೆಯ ಪತ್ರ ಇಲ್ಲಿಗೆ ಹೇಳಿ ಮಾಡಿಸಿದ ಪಠ್ಯ. ಅದರ 32ನೆಯ ಅಧ್ಯಾಯ ನಾವು ನಮ್ಮ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ನೀತಿವಂತರಾದೆವು ಎನ್ನುತ್ತದೆ. 33ನೆಯದು ಹಾಗಾದರೆ ಸತ್ಕಾರ್ಯ ಬಿಟ್ಟುಬಿಡೋಣವೇ ಎಂದು ಕೇಳಿ, ಎಂದಿಗೂ ಇಲ್ಲ ಎನ್ನುತ್ತದೆ. ಇಸ್ರಾಯೇಲಿನ ಗೂಢಚಾರರನ್ನು ಮನೆಯಲ್ಲಿ ಅಡಗಿಸಿಟ್ಟ ರಾಹಾಬಳು ಉಳಿದದ್ದು 'ನಂಬಿಕೆ ಮತ್ತು ಅತಿಥಿಸತ್ಕಾರ'ದಿಂದ ಎಂದು 12ನೆಯದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಪೌಲನನ್ನೂ ಯಾಕೋಬನನ್ನೂ ಹತ್ತಿರದ ತಲೆಮಾರಿನವರು ಹೇಗೆ ಒಟ್ಟಿಗೆ ಕೇಳಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಟಿಪ್ಪಣಿಯಲ್ಲಿ ಇದಕ್ಕೆ ಎರಡು ಸಾಲು. ಎರಡನೆಯ ಶತಮಾನದಲ್ಲಿ ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆದ ಮಾರ್ಸಿಯನ್‌ನ ಹೆಸರಿಲ್ಲ. ಧರ್ಮಶಾಸ್ತ್ರ ಪಾಲಿಸುವ ಯೆಹೂದಿ ಕ್ರೈಸ್ತರು ಇತರರನ್ನು ಒತ್ತಾಯಿಸದಿದ್ದರೆ ರಕ್ಷಣೆ ಹೊಂದುತ್ತಾರೆಂದ ಅದೇ ಶತಮಾನದ ಲೇಖಕ ಜಸ್ಟಿನನೂ ಇಲ್ಲ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಇದ್ದಾನೆ, ಆದರೆ 'ನೀತಿವಂತರೆಂದು ನಿರ್ಣಯಿಸು' ಎಂಬುದರ ಲ್ಯಾಟಿನ್ ಶಬ್ದವನ್ನು ಅವನು 'ನೀತಿವಂತರನ್ನಾಗಿ ಮಾಡು' ಎಂದು ಓದಿದ್ದೇ ಮುಂದಿನ ಸಾವಿರ ವರ್ಷದ ದಾರಿಯನ್ನು ತಿರುಗಿಸಿತು ಎಂಬ ಮಾತಿಲ್ಲ. ಕನ್ನಡದಲ್ಲಿ '-ಎಂದು ನಿರ್ಣಯಿಸು', '-ಅನ್ನಾಗಿ ಮಾಡು' ಎಂಬ ಎರಡು ರೂಪಗಳು ಕೈಯಲ್ಲೇ ಇರುವಾಗ ಇದನ್ನು ಐದು ನಿಮಿಷದಲ್ಲಿ ತೋರಿಸಬಹುದಿತ್ತು.

ಹತ್ತನೆಯ ವಾರ ಪ್ರಶ್ನೋತ್ತರ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಇದೇ ನೀತಿನಿರ್ಣಯದ ಬಗ್ಗೆ ಸಹಿ ಮಾಡಿದ ಜಂಟಿ ಘೋಷಣೆಯ ಮಾತು ಬಂತು, 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿದ್ದನ್ನು ಯಾರೂ ಹೇಳಲಿಲ್ಲ. ಕೂತವರಲ್ಲಿ ಅರ್ಧದಷ್ಟು ಜನ ಮೆಥೊಡಿಸ್ಟರೇ ಇದ್ದ ತರಗತಿಯಲ್ಲಿ ಅದು ಹೇಳಲೇಬೇಕಾದ ಮಾತು. ಮುಂದಿನ ಸಲ ಈ ವಾರವನ್ನು ಯಾಕೋಬನಿಗೆ ಬಿಟ್ಟುಕೊಟ್ಟು ಒಂಬತ್ತನೆಯದನ್ನು ಕ್ಲೆಮೆಂಟ್, ಜಸ್ಟಿನ್, ಅಗಸ್ಟೀನರಿಗೆ ಇಡಿ ಎಂದು ನಡೆಸುವವರಿಗೆ ಬರೆದುಕೊಟ್ಟಿದ್ದೇವೆ.

ಹೋಗುವವರು ಎರಡು ಭಾಷಾಂತರಗಳನ್ನು ಹಿಡಿದುಕೊಂಡು ಹೋಗಿ. ಟಿಪ್ಪಣಿಯಲ್ಲಿ ಯಾವ ವಾಕ್ಯ ಯಾವ ಭಾಷಾಂತರದ್ದೆಂದು ಗುರುತಿಲ್ಲ, ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಬಿದ್ದರೆ ಹಿಂದಿನ ಮೂರು ಸಾಲಿಗೆ ಏನೂ ಕೇಳುವುದಿಲ್ಲ, ಮುಂದೆ ಕೂಡ್ರಿ. ಬೈಲಹೊಂಗಲ, ಖಾನಾಪುರದ ಕಡೆಯವರು ಬಸ್ಸಿನ ಸಮಯ ಮೊದಲೇ ಹೇಳಿಟ್ಟರೆ ಏಳು ಗಂಟೆಗೆ ಬಿಡುತ್ತಾರೆ, ತಪ್ಪಿದ ಅರ್ಧ ಗಂಟೆಯ ಪಾಠವನ್ನು ಮುಂದಿನ ಶನಿವಾರ ಐದು ಗಂಟೆಗೆ ಬಂದವರಿಗೆ ಮತ್ತೆ ಹೇಳಿಕೊಡುತ್ತಾರೆ.